ಸೋತ ಮೊಕದ್ದಮೆಯ ಗೆಲುವು



ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಫ್ರೀಡಂ ಪಾರ್ಕ್ ಎಂಬ ಉದ್ಯಾನವಿದೆ. ಅಂಗನವಾಡಿ ಕಾರ್ಯಕರ್ತೆಯರಾಗಲಿ, ರೈತರಾಗಲಿ, ಪೌರಕಾರ್ಮಿಕರಾಗಲಿ ರಾಜಧಾನಿಗೆ ಬಂದು ಧರಣಿ ಕೂರಬೇಕಾದರೆ ಅಲ್ಲಿಗೇ ಹೋಗುತ್ತಾರೆ. ಆ ಉದ್ಯಾನ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. ಅದರ ಕಾವಲು ಗೋಪುರವನ್ನು ಇಂದಿಗೂ ನೋಡಬಹುದು. ಸೆರೆಮನೆಗೆ ಸ್ವಾತಂತ್ರ್ಯದ ಹೆಸರು ಸುಮ್ಮನೆ ಬಂದದ್ದಲ್ಲ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಆ ಗೋಡೆಗಳ ಒಳಗೆ ಇದ್ದವರು, ಅವರ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿದವರು ಮತ್ತು ಆ ಮೆಟ್ಟಿಲುಗಳಲ್ಲಿ ಎಡವಿಬಿದ್ದರೂ ಮತ್ತೆ ಎದ್ದವರು ಇವರೆಲ್ಲರ ಕಥೆ ಅದರ ಹಿಂದಿದೆ. ಈ ಲೇಖನ ಬರೆಯುತ್ತಿರುವ ನಾನೂ ಆಗ ಹುಟ್ಟಿರಲಿಲ್ಲ. ಆದ್ದರಿಂದಲೇ ಹೊಸ ತಲೆಮಾರಿನವರು ಇದನ್ನು ತಿಳಿದಿರಬೇಕು ಎನಿಸುತ್ತದೆ.

ದೇಹವನ್ನು ತಂದು ತೋರಿಸು

ಗುರುಮಠದಲ್ಲಿ ಅಷ್ಟಿಷ್ಟು ಲತೀನ್ ಓದಿದವರಿಗೆ 'ಹೇಬಿಯಸ್ ಕಾರ್ಪಸ್' ಎಂಬ ಎರಡು ಪದಗಳ ಅರ್ಥ ಹೇಳುವುದು ಕಷ್ಟವಲ್ಲ. 'ದೇಹವನ್ನು ತಂದು ತೋರಿಸು' ಎಂಬುದು ಅದರ ತಾತ್ಪರ್ಯ. ಒಬ್ಬ ಮನುಷ್ಯನನ್ನು ಪೊಲೀಸರು ಹಿಡಿದುಕೊಂಡು ಹೋದರೆ, ಅವನ ತಂದೆಯೋ ತಾಯಿಯೋ ಹೆಂಡತಿಯೋ ಗೆಳೆಯನೋ ಉಚ್ಚ ನ್ಯಾಯಾಲಯಕ್ಕೆ ಹೋಗಿ ಅರ್ಜಿ ಸಲ್ಲಿಸಬಹುದು. ಆಗ ನ್ಯಾಯಾಧೀಶರು ಸರ್ಕಾರವನ್ನು ಕೇಳುತ್ತಾರೆ: ಆತ ಎಲ್ಲಿದ್ದಾನೆ? ಯಾವ ಕಾನೂನಿನ ಆಧಾರದ ಮೇಲೆ ಹಿಡಿದಿರಿ? ಕಾನೂನು ಇಲ್ಲವೆಂದಾದರೆ ಬಿಟ್ಟುಬಿಡಿ. ಇಂಗ್ಲೆಂಡಿನಲ್ಲಿ 1679ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಕಾಯಿದೆ ಬಂದಿತ್ತು. ನಮ್ಮ ಸಂವಿಧಾನ ಈ ಅಧಿಕಾರವನ್ನು 32ನೇ ವಿಧಿಯ ಮೂಲಕ ಸರ್ವೋಚ್ಚ ನ್ಯಾಯಾಲಯಕ್ಕೂ, 226ನೇ ವಿಧಿಯ ಮೂಲಕ ಉಚ್ಚ ನ್ಯಾಯಾಲಯಗಳಿಗೂ ಕೊಟ್ಟಿದೆ. 32ನೇ ವಿಧಿಯೇ ಸಂವಿಧಾನದ ಹೃದಯ ಮತ್ತು ಆತ್ಮವೆಂದು ಡಾ. ಅಂಬೇಡ್ಕರ್ ಅವರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಹಕ್ಕುಗಳ ಪಟ್ಟಿ ಎಷ್ಟೇ ಉದ್ದವಾಗಿರಲಿ, ಹಕ್ಕು ಕಳೆದುಕೊಂಡವನು ತಟ್ಟಲು ಒಂದು ಬಾಗಿಲು ಇಲ್ಲದಿದ್ದರೆ ಆ ಪಟ್ಟಿಯಿಂದ ಏನು ಪ್ರಯೋಜನ?

ಬಾಗಿಲು ಮುಚ್ಚಿದ ಬಗೆ

1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ 'ಆಂತರಿಕ ಕ್ಷೋಭೆ'ಯ ಕಾರಣ ನೀಡಿ ತುರ್ತು ಪರಿಸ್ಥಿತಿ ಘೋಷಿಸಲಾಯಿತು. ರಾಷ್ಟ್ರಪತಿಗಳ ಸಹಿ ರಾತ್ರಿಯೇ ಬಿತ್ತು, ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಜೂನ್ 27ರಂದು ಇನ್ನೊಂದು ಆದೇಶ ಹೊರಬಿತ್ತು. ಸಮಾನತೆ, ಜೀವ ಮತ್ತು ಸ್ವಾತಂತ್ರ್ಯ, ಬಂಧಿತರ ರಕ್ಷಣೆ ಇವುಗಳಿಗೆ ಸಂಬಂಧಿಸಿದ 14, 21 ಮತ್ತು 22ನೇ ವಿಧಿಗಳ ಜಾರಿಗಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂಬುದೇ ಆ ಆದೇಶ. 'ಮೀಸಾ' ಎಂದು ಜನ ಕರೆಯುತ್ತಿದ್ದ ಆಂತರಿಕ ಭದ್ರತಾ ಕಾಯಿದೆಯನ್ನು ತಿದ್ದುಪಡಿ ಮಾಡಿ, ಬಂಧಿತನಿಗೆ ಬಂಧನದ ಕಾರಣವನ್ನೂ ಹೇಳಬೇಕಾಗಿಲ್ಲ ಎಂದರು. ನಂತರ ತನಿಖೆ ನಡೆಸಿದ ಷಾ ಆಯೋಗದ ಲೆಕ್ಕದಂತೆ ಮೀಸಾ ಅಡಿಯಲ್ಲಿ ಸುಮಾರು 35,000 ಜನ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಸುಮಾರು 75,000 ಜನ ಬಂಧಿತರಾದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಯಿತು.

ಜೂನ್ 26ರಂದು ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ್ ಮಿಶ್ರಾ ಇವರನ್ನು ಇಲ್ಲಿಯೇ ಬಂಧಿಸಿ ಕೇಂದ್ರ ಕಾರಾಗೃಹಕ್ಕೆ ತರಲಾಯಿತು. ನಾಲ್ವರ ಪಕ್ಷಗಳೂ ಒಂದೇ ಆಗಿರಲಿಲ್ಲ, ದಂಡವತೆಯವರು ಸಮಾಜವಾದಿ. ಅವರ ಪರವಾಗಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ದಾಖಲಾದವು. ಅವರ ಪರ ಕೆಲಸ ಮಾಡಿದ ವಕೀಲರಲ್ಲಿ ಒಬ್ಬರಾದ ಎಂ. ರಾಮಾ ಜೋಯಿಸ್ ಅವರೂ ಮುಂದೆ ಅದೇ ಸೆರೆಮನೆ ಸೇರಬೇಕಾಯಿತು. ಕಕ್ಷಿದಾರನೂ ವಕೀಲನೂ ಒಂದೇ ಗೋಡೆಯೊಳಗೆ ಇದ್ದ ಕಾಲವದು.

ಆದರೂ ಧೈರ್ಯ ಎಲ್ಲೆಡೆ ಬತ್ತಿರಲಿಲ್ಲ. ದೆಹಲಿ, ಅಲಹಾಬಾದ್, ಬೊಂಬಾಯಿ, ಕರ್ನಾಟಕ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ್-ಹರಿಯಾಣ ಮುಂತಾದ ಉಚ್ಚ ನ್ಯಾಯಾಲಯಗಳು, ತುರ್ತು ಪರಿಸ್ಥಿತಿಯಲ್ಲೂ ಬಂಧನ ಕಾನೂನಿಗೆ ಅನುಗುಣವಾಗಿದೆಯೇ ಎಂದು ನೋಡುವ ಅಧಿಕಾರ ತಮಗಿದೆ ಎಂದವು. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಪತ್ರಕರ್ತ ಕುಲದೀಪ್ ನಯ್ಯರ್ ಅವರ ಬಂಧನ ತಪ್ಪು ಎಂದು ದೆಹಲಿಯಲ್ಲಿ ತೀರ್ಪು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳಲ್ಲಿ ರಂಗರಾಜನ್ ಅವರನ್ನು ಗುವಾಹಟಿಗೆ ವರ್ಗಾಯಿಸಿದರು, ಅಗರ್‌ವಾಲ್ ಅವರನ್ನು ಸೆಷನ್ಸ್ ನ್ಯಾಯಾಧೀಶರ ಹುದ್ದೆಗೆ ಹಿಂದಕ್ಕೆ ಕಳಿಸಿದರು. ಕರ್ನಾಟಕದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರಿಗೆ ಅಲಹಾಬಾದಿಗೆ ವರ್ಗವಾಯಿತು.

1976ರ ಏಪ್ರಿಲ್ 28

ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು. ಮಧ್ಯಪ್ರದೇಶದ ಪ್ರಕರಣದ ಹೆಸರಿನಿಂದ ಅದು 'ಎ.ಡಿ.ಎಂ. ಜಬಲ್ಪುರ ಮೊಕದ್ದಮೆ' ಎಂದು ಪ್ರಸಿದ್ಧ. ಐವರು ನ್ಯಾಯಮೂರ್ತಿಗಳ ಪೀಠ. ಬಂಧಿತರ ಪರವಾಗಿ ಶಾಂತಿ ಭೂಷಣ್, ವಿ.ಎಂ. ತಾರ್ಕುಂಡೆ, ಸೋಲಿ ಸೊರಾಬ್ಜಿ ಮುಂತಾದವರು ವಾದಿಸಿದರು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ನೇರ ಪ್ರಶ್ನೆ ಕೇಳಿದರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷದಿಂದ ಯಾರನ್ನಾದರೂ ಕೊಂದರೆ ನಿಮ್ಮ ವಾದದಂತೆ ಆಗಲೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು. ನ್ಯಾಯಾಲಯ ಒಂದು ಕ್ಷಣ ಮೌನವಾಗಿದ್ದರೆ ಆಶ್ಚರ್ಯವೇನಿಲ್ಲ.

1976ರ ಏಪ್ರಿಲ್ 28ರಂದು ತೀರ್ಪು ಹೊರಬಂತು. ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ಈ ನಾಲ್ವರು ಸರ್ಕಾರದ ವಾದವನ್ನು ಒಪ್ಪಿದರು. ಬಂಧಿತನಿಗೆ ನ್ಯಾಯಾಲಯದ ಬಾಗಿಲು ಮುಚ್ಚಿತು. ಸೆರೆಯಲ್ಲಿ ಇರುವವರಿಗೆ ಒಳ್ಳೆಯ ವಸತಿ, ಒಳ್ಳೆಯ ಊಟ ಸಿಗುತ್ತಿದೆ, ಸರ್ಕಾರದ ಆರೈಕೆ ಹೆಚ್ಚುಕಡಿಮೆ ತಾಯಿಯ ಆರೈಕೆಯಂತಿದೆ ಎಂದು ನ್ಯಾಯಮೂರ್ತಿ ಬೇಗ್ ಅವರು ತಮ್ಮ ತೀರ್ಪಿನಲ್ಲಿ ಬರೆದರು.

ಆ ತಾಯಿಯ ಆರೈಕೆ ಹೇಗಿತ್ತು ಎಂಬುದನ್ನು ತಿಳಿಯಲು ಬೆಂಗಳೂರಿಗೇ ಬರಬೇಕು. ತೀರ್ಪು ಬಂದು ಮೂರೇ ದಿನವಾಗಿತ್ತು. ಮೇ 1ರಂದು ಪೊಲೀಸರು ಲಾರೆನ್ಸ್ ಫೆರ್ನಾಂಡಿಸ್ ಅವರನ್ನು ಹಿಡಿದುಕೊಂಡು ಹೋದರು. ಅವರು ಮಂಗಳೂರಿನ ಕಥೋಲಿಕ ಕುಟುಂಬದವರು. ಹುಡುಗನಾಗಿದ್ದಾಗ ಬೆಂಗಳೂರಿನ ಗುರುಮಠ ಸೇರಿ, ಅದನ್ನು ತೊರೆದು ಕಾರ್ಮಿಕ ನಾಯಕನಾದ ಜಾರ್ಜ್ ಫೆರ್ನಾಂಡಿಸ್ ಅವರ ತಮ್ಮ. ಭೂಗತರಾಗಿದ್ದ ಅಣ್ಣ ಎಲ್ಲಿದ್ದಾನೆಂದು ಬಾಯಿಬಿಡಿಸಲು ತಮ್ಮನಿಗೆ ಚಿತ್ರಹಿಂಸೆ ಕೊಟ್ಟರು. ಹಲವು ದಿನ ಯಾವ ನ್ಯಾಯಾಧೀಶರ ಮುಂದೆಯೂ ಹಾಜರುಪಡಿಸಲಿಲ್ಲ. ಸೆರೆಮನೆಗೆ ಬಂದಾಗ ಅವರು ನೆಟ್ಟಗೆ ನಡೆಯಲಾಗದ ಸ್ಥಿತಿಯಲ್ಲಿದ್ದರು. ತಾಯಿ ಆಲಿಸ್ ಫೆರ್ನಾಂಡಿಸ್ ರಾಷ್ಟ್ರಪತಿಗಳಿಗೇ ಪತ್ರ ಬರೆದರು. ನ್ಯಾಯಾಲಯದ ಬಾಗಿಲು ಮುಚ್ಚಿದಾಗ ಒಬ್ಬ ತಾಯಿಗೆ ಉಳಿದದ್ದು ಕಾಗದ ಮತ್ತು ಲೇಖನಿ ಮಾತ್ರ.

ಅದೇ ದಿನಗಳಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರ ಬಂಧನವೂ ಆಯಿತು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರು ಕಂಡ ಕಲಾವಿದೆ ಅವರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಅವರನ್ನು ಹಿಡಿದರು, ಆದರೆ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ, ಮೀಸಾ ಇತ್ತಲ್ಲ! ಅವರಿಗೆ ತೀವ್ರ ಅಸ್ತಮಾ. ಒಂಟಿ ಕೋಣೆ, ಸರಿಯಾಗಿ ಸಿಗದ ಚಿಕಿತ್ಸೆ. ರಾತ್ರಿಗಳಲ್ಲಿ ಅವರ ನರಳಾಟ ತಮಗೆ ಕೇಳಿಸುತ್ತಿತ್ತೆಂದು ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆ ನಂತರ ನೆನೆದಿದ್ದಾರೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದರು, ಜನವರಿ 20ರಂದು ತೀರಿಕೊಂಡರು. ಅವರ ಮೇಲೆ ಯಾವ ನ್ಯಾಯಾಲಯವೂ ಯಾವ ಅಪರಾಧವನ್ನೂ ಸಾಬೀತುಪಡಿಸಿರಲಿಲ್ಲ. ಒಬ್ಬ ನ್ಯಾಯಾಧೀಶ ಕಡತ ತೆರೆದು 'ಈಕೆಯನ್ನು ಏಕೆ ಇಟ್ಟುಕೊಂಡಿದ್ದೀರಿ?' ಎಂದು ಕೇಳಲು ಅವಕಾಶವಿದ್ದಿದ್ದರೆ? ನಾಗರಿಕ ಹಕ್ಕು ಎಂಬುದು ವಕೀಲರ ಒಣ ಚರ್ಚೆ ಎನ್ನುವವರು ಈ ಪ್ರಶ್ನೆಗೆ ಉತ್ತರಿಸಬೇಕು.

ಒಬ್ಬನೇ ಒಬ್ಬ

ಐವರಲ್ಲಿ ಒಬ್ಬರು ಒಪ್ಪಲಿಲ್ಲ. ಅವರು ನ್ಯಾಯಮೂರ್ತಿ ಖನ್ನಾ. 21ನೇ ವಿಧಿಯನ್ನು ಬರೆಯದೇ ಇದ್ದಿದ್ದರೂ, ಕಾನೂನಿನ ಆಧಾರವಿಲ್ಲದೆ ಮನುಷ್ಯನ ಜೀವವನ್ನು ಅಥವಾ ಸ್ವಾತಂತ್ರ್ಯವನ್ನು ಕಸಿಯುವ ಅಧಿಕಾರ ಯಾವ ರಾಜ್ಯಕ್ಕೂ ಇಲ್ಲ ಎಂದು ಅವರು ಬರೆದರು. ಎಂದರೆ ಜೀವ ಸರ್ಕಾರ ಕೊಟ್ಟ ಉಂಬಳಿಯಲ್ಲ, ಸಂವಿಧಾನ ಅದನ್ನು ಗುರುತಿಸಿತು ಅಷ್ಟೇ. ಭಿನ್ನಮತದ ತೀರ್ಪೆಂದರೆ ಮುಂದೊಂದು ದಿನದ ವಿವೇಕಕ್ಕೆ ಸಲ್ಲಿಸುವ ಮನವಿ ಎಂಬ ಅಮೆರಿಕದ ನ್ಯಾಯಮೂರ್ತಿ ಹ್ಯೂಸ್ ಅವರ ಮಾತನ್ನು ಅವರು ನೆನಪಿಸಿಕೊಂಡಿದ್ದರು.

ಇದರಿಂದ ತಮಗೆ ಮುಖ್ಯ ನ್ಯಾಯಮೂರ್ತಿ ಪದವಿ ತಪ್ಪುತ್ತದೆ ಎಂಬುದು ಖನ್ನಾ ಅವರಿಗೆ ಮೊದಲೇ ಗೊತ್ತಿತ್ತು. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿದರು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಆ ದಿನದ ಮಟ್ಟಿಗೆ ಲೆಕ್ಕ ಹಾಕಿದರೆ ಅವರೂ ಸೋತರು, ವಕೀಲರೂ ಸೋತರು, ಬಂಧಿತರೂ ಸೋತರು. ಆದರೆ ಇತಿಹಾಸದ ಲೆಕ್ಕ ಒಂದು ದಿನಕ್ಕೆ ಮುಗಿಯುವುದಿಲ್ಲ.

ತೆರೆದ ಬಾಗಿಲು

1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ನಾಲ್ಕೇ ದಿನಗಳಲ್ಲಿ ಕೇರಳ ಉಚ್ಚ ನ್ಯಾಯಾಲಯಕ್ಕೆ ನಿವೃತ್ತ ಹಿಂದಿ ಪ್ರಾಧ್ಯಾಪಕ ಟಿ.ವಿ. ಈಚರ ವಾರಿಯರ್ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ಅವರ ಮಗ ರಾಜನ್ ಕಲ್ಲಿಕೋಟೆಯ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. 1976ರ ಮಾರ್ಚ್ 1ರಂದು ಪೊಲೀಸರು ಅವನನ್ನು ಒಯ್ದಿದ್ದರು. ವರ್ಷವಿಡೀ ತಂದೆ ಕಚೇರಿಯಿಂದ ಕಚೇರಿಗೆ ಅಲೆದರೂ ಯಾರೂ ಬಾಯಿಬಿಟ್ಟಿರಲಿಲ್ಲ. ಈಗ ನ್ಯಾಯಾಲಯ ಕೇಳಿದಾಗ ಸತ್ಯ ಹೊರಬಂತು: ಕಕ್ಕಯಂ ಪೊಲೀಸ್ ಶಿಬಿರದ ಚಿತ್ರಹಿಂಸೆಯಲ್ಲಿ ಹುಡುಗ ಸತ್ತಿದ್ದ. ಬಂಧನದ ಸಮಯದಲ್ಲಿ ಗೃಹ ಸಚಿವರಾಗಿದ್ದ ಕೆ. ಕರುಣಾಕರನ್ ಮುಖ್ಯಮಂತ್ರಿಯಾಗಿ ತಿಂಗಳಷ್ಟೇ ಆಗಿತ್ತು, ರಾಜೀನಾಮೆ ಕೊಡಬೇಕಾಯಿತು. ಆದರೆ ದೇಹವನ್ನು ತಂದು ತೋರಿಸಿ ಎಂದು ಕೇಳಿದ ತಂದೆಗೆ ಮಗನ ದೇಹ ಕೊನೆಗೂ ಸಿಗಲಿಲ್ಲ. ಆತ 2006ರಲ್ಲಿ ತೀರಿಕೊಳ್ಳುವವರೆಗೂ ಕಾದರು.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಆದರೆ ಮುಂದಿನ ಕೊಳ್ಳೆಯನ್ನು ತಪ್ಪಿಸಬೇಕಾದರೆ ಬಾಗಿಲು ಹಾಕಲೇಬೇಕಲ್ಲವೇ? ನ್ಯಾಯಾಲಯದಲ್ಲಿ ಸೋತ ವಕೀಲ ಶಾಂತಿ ಭೂಷಣ್ ಅವರು ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಕಾನೂನು ಮಂತ್ರಿಯಾದರು. ಅವರ ಕಾಲದಲ್ಲಿ 1978ರ 44ನೇ ತಿದ್ದುಪಡಿ ಬಂತು. ಇನ್ನು ಮುಂದೆ 'ಆಂತರಿಕ ಕ್ಷೋಭೆ' ಎಂಬ ಸಡಿಲ ಮಾತಿನಿಂದ ತುರ್ತು ಪರಿಸ್ಥಿತಿ ಹೇರುವಂತಿಲ್ಲ, 'ಸಶಸ್ತ್ರ ಬಂಡಾಯ'ವೇ ಆಗಿರಬೇಕು. ಸಂಪುಟದ ನಿರ್ಧಾರ ಲಿಖಿತವಾಗಿರಬೇಕು. ಒಂದು ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎಂಥ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ. ಜನತಾ ಪಕ್ಷಕ್ಕೆ ಬಹುಮತವಿಲ್ಲದಿದ್ದ ರಾಜ್ಯಸಭೆಯಲ್ಲೂ ಇದಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಮೀಸಾ ರದ್ದಾಯಿತು. ತೀರ್ಪು ಮುಚ್ಚಿದ ಬಾಗಿಲನ್ನು ಶಾಸನ ತೆರೆಯಿತು.

ನ್ಯಾಯಾಲಯವೂ ಸುಮ್ಮನಿರಲಿಲ್ಲ. 1978ರ ಜನವರಿಯಲ್ಲಿ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಸ್ವಾತಂತ್ರ್ಯ ಕಸಿಯುವ ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದು ನ್ಯಾಯಯುತವಾಗಿಯೂ ಇರಬೇಕು ಎಂದಿತು. ಇಂದಿರಾ ಅವರ ಸೊಸೆಯೇ ಅರ್ಜಿದಾರಳು. ಬಾಗಿಲು ಮುಚ್ಚಿದ ನಾಲ್ವರಲ್ಲಿ ಮೂವರು ಆ ಪೀಠದಲ್ಲಿದ್ದರು! ಅವರಲ್ಲಿ ಭಗವತಿಯವರು 1979ರಲ್ಲಿ, ವಕೀಲೆ ಕಪಿಲಾ ಹಿಂಗೋರಾಣಿ ತಂದ ಅರ್ಜಿಯ ಮೇಲೆ ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಬಡ ಕೈದಿಗಳ ಬಿಡುಗಡೆಗೆ ದಾರಿಮಾಡಿದರು. 2011ರಲ್ಲಿ, ತಮ್ಮ 1976ರ ತೀರ್ಪು ತಪ್ಪಾಗಿತ್ತು ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ಕೊನೆಗೆ 2017ರ ಆಗಸ್ಟ್ 24. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು, ಜಬಲ್ಪುರ ತೀರ್ಪನ್ನು ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಿತು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್. ತಂದೆಯ ತೀರ್ಪನ್ನು ಮಗ ಅಳಿಸಿದರು, ಖನ್ನಾ ಅವರ ಭಿನ್ನಮತವನ್ನು ಎತ್ತಿಹಿಡಿದರು. ಮುಂದೊಂದು ದಿನದ ವಿವೇಕಕ್ಕೆ ಸಲ್ಲಿಸಿದ ಮನವಿಗೆ 41 ವರ್ಷಗಳ ನಂತರ ಉತ್ತರ ಬಂತು. ಖನ್ನಾ ಅವರು 2008ರಲ್ಲಿಯೇ ಕಣ್ಣುಮುಚ್ಚಿದ್ದರು.

ತಟ್ಟೆಯ ಅನ್ನದವರೆಗೆ

1976ರ ಅಕ್ಟೋಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆಯೇ, ಜಯಪ್ರಕಾಶ್ ನಾರಾಯಣ್ ಅವರು ಪಕ್ಷಾತೀತವಾದ ಒಂದು ನಾಗರಿಕ ಹಕ್ಕುಗಳ ಸಂಘಟನೆಯನ್ನು ಹುಟ್ಟುಹಾಕಿದರು. ತಾರ್ಕುಂಡೆ ಅದರ ಅಧ್ಯಕ್ಷರಾದರು. 1980ರಿಂದ ಅದು ಪಿಯುಸಿಎಲ್ ಎಂಬ ಹೆಸರಿನಲ್ಲಿ ನಡೆದುಬಂದಿದೆ. ರಾಜಸ್ಥಾನದಲ್ಲಿ ಜನ ಹಸಿದಿರುವಾಗ ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದೆ ಎಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದದ್ದು ಇದೇ ಸಂಘಟನೆ. ಆ ವರ್ಷ ನವೆಂಬರ್ 28ರಂದು ನ್ಯಾಯಾಲಯ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಮಧ್ಯಾಹ್ನದ ಊಟ ಕೊಡಲೇಬೇಕೆಂದು ಆದೇಶಿಸಿತು. ತಮಿಳುನಾಡಿನಂಥ ರಾಜ್ಯ ಅದನ್ನು ಮೊದಲೇ ಮಾಡುತ್ತಿತ್ತು, ಈಗ ಅದು ಎಲ್ಲ ರಾಜ್ಯಗಳ ಹೊಣೆಯಾಯಿತು. ನಮ್ಮಲ್ಲಿ 2002-03ರಲ್ಲಿ ಆರಂಭವಾದ ಅಕ್ಷರ ದಾಸೋಹದ ಹಿಂದೆ ಈ ಆದೇಶವಿದೆ. ಸೆರೆಮನೆಯ ಬಾಗಿಲಲ್ಲಿ ಆರಂಭವಾದ ಹೋರಾಟ ಮಗುವಿನ ತಟ್ಟೆಯ ಅನ್ನದವರೆಗೆ ಬಂದು ಮುಟ್ಟಿತು. ಜೀವದ ಹಕ್ಕು ಎಂದರೆ ಬರೀ ಕೊಲ್ಲದಿರುವುದಲ್ಲ, ಬದುಕಗೊಡುವುದು ಕೂಡ.

ಮುಗಿಯದ ಕೆಲಸ

ಎಲ್ಲವೂ ಸರಿಹೋಯಿತೆಂದು ಭಾವಿಸಬಾರದು. ವಿಚಾರಣೆಯಿಲ್ಲದೆ ಸಲಹಾ ಮಂಡಳಿಯ ಅನುಮತಿಯೂ ಇಲ್ಲದೆ ಇಟ್ಟುಕೊಳ್ಳುವ ಅವಧಿಯನ್ನು 44ನೇ ತಿದ್ದುಪಡಿ ಮೂರು ತಿಂಗಳಿಂದ ಎರಡು ತಿಂಗಳಿಗೆ ಇಳಿಸಿತ್ತು. ಆದರೆ ಆ ಒಂದು ಭಾಗವನ್ನು ಜಾರಿಗೊಳಿಸುವ ಅಧಿಸೂಚನೆಯನ್ನು ಯಾವ ಪಕ್ಷದ ಸರ್ಕಾರವೂ ಹೊರಡಿಸಿಲ್ಲ. ಮೀಸಾ ಹೋದ ಎರಡೇ ವರ್ಷಕ್ಕೆ, 1980ರಲ್ಲಿ, ರಾಷ್ಟ್ರೀಯ ಭದ್ರತಾ ಕಾಯಿದೆ ಬಂತು. ಅದರಡಿ ಹನ್ನೆರಡು ತಿಂಗಳವರೆಗೆ ವಿಚಾರಣೆಯಿಲ್ಲದೆ ಇಡಬಹುದು. ವಿರೋಧ ಪಕ್ಷದಲ್ಲಿದ್ದಾಗ ಸ್ವಾತಂತ್ರ್ಯದ ಮಾತು ಸಿಹಿ, ಅಧಿಕಾರಕ್ಕೆ ಬಂದಾಗ ಕಹಿ. ಆದ್ದರಿಂದ ಈ ಕಾವಲು ಕೆಲಸವನ್ನು ಪಕ್ಷಗಳಿಗೆ ಗುತ್ತಿಗೆ ಕೊಡಲಾಗದು.

ಹಾಗಾದರೆ ನಮ್ಮ ಪಾಲಿನ ಕೆಲಸವೇನು? ಮೊದಲು ತಿಳಿದುಕೊಳ್ಳುವುದು. ಬಂಧಿಸಿದವನಿಗೆ ಕಾರಣ ಹೇಳಬೇಕು, ಇಷ್ಟದ ವಕೀಲನನ್ನು ಕಾಣಗೊಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಮನೆಯವರಿಗೆ ತಿಳಿಸಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಖಚಿತಪಡಿಸಿತು, ಅದು ಈಗ ಶಾಸನದಲ್ಲಿಯೂ ಸೇರಿದೆ. ಎರಡನೆಯದು, ನೆರವಾಗುವುದು. ಪ್ರತಿ ಜಿಲ್ಲೆಯಲ್ಲಿ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿ ಇರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೂ ಸಾಕು. ಈ ಸಂಖ್ಯೆ ನಿಮ್ಮ ಧರ್ಮಕೇಂದ್ರದ ಸೂಚನಾ ಫಲಕದ ಮೇಲೆ ಇದೆಯೇ? ಮೂರನೆಯದು, ನಮಗೆ ಆಗದವನ ಹಕ್ಕನ್ನೂ ಕಾಯುವುದು. ಸಮಾಜವಾದಿ ಮತ್ತು ಜನಸಂಘದವನು ಒಂದೇ ಗೋಡೆಯೊಳಗೆ ಕುಳಿತಾಗ ಇಬ್ಬರಿಗೂ ಒಂದೇ ಅರ್ಜಿ ಬೇಕಾಯಿತು ಎಂಬುದನ್ನು ಮರೆಯದಿರೋಣ.

ಪ್ರಿಯರೇ, ವಕೀಲರು ಸೋಲುತ್ತೇವೆಂಬ ಭಯದಿಂದ 1975ರಲ್ಲಿ ಅರ್ಜಿಗಳನ್ನೇ ಹಾಕದಿದ್ದರೆ ಖನ್ನಾ ಅವರಿಗೆ ಭಿನ್ನಮತ ಬರೆಯಲು ಮೊಕದ್ದಮೆಯೇ ಇರುತ್ತಿರಲಿಲ್ಲ. ಆ ಭಿನ್ನಮತವಿಲ್ಲದಿದ್ದರೆ 2017ರ ಪೀಠಕ್ಕೆ ಎತ್ತಿಹಿಡಿಯಲು ಏನೂ ಉಳಿಯುತ್ತಿರಲಿಲ್ಲ. ನಾಳೆ ನಿಮ್ಮ ಊರಿನಲ್ಲಿ ಒಬ್ಬ ತಾಯಿ ಬಂದು 'ಮಗನನ್ನು ಕರೆದುಕೊಂಡು ಹೋದರು, ಎಲ್ಲಿದ್ದಾನೋ ಗೊತ್ತಿಲ್ಲ' ಎಂದರೆ, 'ನಮಗ್ಯಾಕೆ ಊರಿನ ಉಸಾಬರಿ' ಎನ್ನಬೇಡಿ. ಅವಳ ಜೊತೆ ಠಾಣೆಯವರೆಗೆ ನಡೆಯಿರಿ. ಅಲ್ಲಿ ಉತ್ತರ ಸಿಗದಿದ್ದರೆ ನ್ಯಾಯಾಲಯದವರೆಗೆ ನಡೆಯಿರಿ.